ಮೂಲಭೂತವಾದಕ್ಕೆ ಜನ ಒಲಿಯುವುದೇಕೆ?



ದೇವರ ವಾಕ್ಯದ ಭಾನುವಾರ ಬಂದಾಗಲೆಲ್ಲ ನನಗೆ ನಮ್ಮ ಧರ್ಮಕೇಂದ್ರದ ಒಬ್ಬ ಯುವಕ ನೆನಪಾಗುತ್ತಾನೆ. ಬಲಿಪೂಜೆಯಲ್ಲಿ ವಾಚನ ಓದುತ್ತಿದ್ದ ಹುಡುಗ. ಕೆಲಸಕ್ಕೆಂದು ಬೆಂಗಳೂರಿಗೆ ಹೋದವನು ಅಲ್ಲಿ ಒಂದು ಪ್ರಾರ್ಥನಾ ಕೂಟ ಸೇರಿದ. ಊರಿಗೆ ಬಂದರೂ ಚರ್ಚಿಗೆ ಬರಲಿಲ್ಲ. ಮನೆಯಲ್ಲಿದ್ದ ಮರಿಯಮ್ಮನವರ ಸ್ವರೂಪ ತೆಗೆಯಬೇಕೆಂದು ತಾಯಿಯೊಡನೆ ಜಗಳ. ನಾನು ವಾದಕ್ಕೆ ಸಿದ್ಧನಾಗಿಯೇ ಹೋದೆ. ಅವನು ವಾದ ಮಾಡಲಿಲ್ಲ. "ಫಾದರ್, ಎರಡು ವರ್ಷ ಅಲ್ಲಿ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬಂದೆ. ಒಬ್ಬರೂ ಹೆಸರು ಕೇಳಲಿಲ್ಲ. ಜ್ವರ ಬಂದು ಮಲಗಿದಾಗ ಗಂಜಿ ತಂದವರು ಇವರು" ಎಂದ. ಗುರುಮಠದಲ್ಲಿ ಕಲಿತ ಯಾವ ಉತ್ತರವೂ ಆ ಗಂಜಿಯ ಮುಂದೆ ನಿಲ್ಲಲಿಲ್ಲ.

ಮೂಲಭೂತವಾದಿ ಎಂಬ ಪದವನ್ನು ನಾವು ಸಾಮಾನ್ಯವಾಗಿ ಬೇರೆಯವರಿಗೆ ಬಳಸುತ್ತೇವೆ. ಅದು ಹುಟ್ಟಿದ್ದು ಕ್ರೈಸ್ತರ ಅಂಗಳದಲ್ಲೇ. 1910ರಿಂದ 1915ರವರೆಗೆ ಅಮೆರಿಕದಲ್ಲಿ 'ದಿ ಫಂಡಮೆಂಟಲ್ಸ್' ಎಂಬ 12 ಸಂಪುಟಗಳು ಹೊರಬಂದವು. ಲೈಮನ್ ಸ್ಟೂವರ್ಟ್ ಎಂಬ ತೈಲ ಉದ್ಯಮಿ ಮತ್ತು ಅವರ ಸಹೋದರ ಖರ್ಚು ಭರಿಸಿ, ಸುಮಾರು 30 ಲಕ್ಷ ಪ್ರತಿಗಳನ್ನು ಬೋಧಕರಿಗೂ ಭಾನುವಾರ ಶಾಲೆಯ ಮೇಲ್ವಿಚಾರಕರಿಗೂ ಉಚಿತವಾಗಿ ಹಂಚಿದರು. ಬರೆದವರಲ್ಲಿ ಪಂಡಿತರೂ ಇದ್ದರು. (ನಮ್ಮ ಕಥೋಲಿಕ ಧರ್ಮಸಭೆಯನ್ನು ಝಾಡಿಸಿದ ಲೇಖನಗಳೂ ಅದರಲ್ಲಿವೆ!) 1920ರಲ್ಲಿ ಬ್ಯಾಪ್ಟಿಸ್ಟ್ ಪತ್ರಿಕೆಯ ಸಂಪಾದಕ ಕರ್ಟಿಸ್ ಲೀ ಲಾಸ್ ಆ ನಂಬಿಕೆಗಳಿಗಾಗಿ ಹೋರಾಡುವವರಿಗೆ 'ಫಂಡಮೆಂಟಲಿಸ್ಟ್' ಎಂದು ಹೆಸರಿಟ್ಟರು. ಆಗ ಅದು ಬೈಗುಳವಲ್ಲ, ಹೆಮ್ಮೆಯ ಹೆಸರು.

ನಾವು ನಗುವಂತಿಲ್ಲ. ಅದೇ 1910ರಲ್ಲಿ ಸಂತ ಹತ್ತನೇ ಪಿಯೂಸ್ ಜಗದ್ಗುರುಗಳು ಆಧುನಿಕತಾವಾದದ ವಿರುದ್ಧ ಪ್ರಮಾಣವಚನವನ್ನು ನಮ್ಮ ಗುರುಗಳಿಗೆ ಕಡ್ಡಾಯ ಮಾಡಿದರು. ಬೈಬಲ್ಲಿನ ಹೊಸ ವಿಮರ್ಶೆ, ಡಾರ್ವಿನ್ನನ ವಾದ, ಕಾಲ ಕೆಳಗಿನ ನೆಲವೇ ಸರಿಯುತ್ತಿದೆಯೆಂಬ ದಿಗಿಲು ಎರಡೂ ಮನೆಗಳಲ್ಲಿತ್ತು.

ದಿಗಿಲಿಗೆ ಅವಮಾನವೂ ಸೇರಿದರೆ ಏನಾಗುತ್ತದೆ ಎನ್ನುವುದಕ್ಕೆ ಡೇಟನ್ ಊರಿನ ಮೊಕದ್ದಮೆ ನೋಡಿ. ಮನುಷ್ಯನು ಕೆಳಜಾತಿಯ ಪ್ರಾಣಿಗಳಿಂದ ಬಂದನೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸಬಾರದು ಎಂದು ಟೆನೆಸ್ಸಿ ರಾಜ್ಯ 1925ರಲ್ಲಿ ಕಾಯಿದೆ ಮಾಡಿತ್ತು. ಜಾನ್ ಸ್ಕೋಪ್ಸ್ ಎಂಬ 24ರ ಶಿಕ್ಷಕನ ಮೇಲೆ ವಿಚಾರಣೆ ನಡೆದು 100 ಡಾಲರ್ ದಂಡ ಬಿತ್ತು. ಸರ್ಕಾರದ ಪರ ನಿಂತವರು ವಿಲಿಯಂ ಜೆನ್ನಿಂಗ್ಸ್ ಬ್ರಯಾನ್, ಮೂರು ಬಾರಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತ, ರೈತರ ಪರ ದನಿಯೆತ್ತಿದ ನಾಯಕ. ಬಲಿಷ್ಠರೇ ಉಳಿಯಬೇಕೆಂಬ ಮಾತು ಬಡವರನ್ನು ತುಳಿಯಲು, ಯುದ್ಧ ಹೂಡಲು ನೆಪವಾಗುತ್ತದೆ ಎಂಬುದು ಅವರ ಭಯ. ಆ ಭಯ ಪೂರ್ತಿ ಸುಳ್ಳಲ್ಲ. ಸ್ಕೋಪ್ಸ್ ಬಳಸಿದ ಜೀವಶಾಸ್ತ್ರದ ಪಠ್ಯವೇ ಜನಾಂಗಗಳಲ್ಲಿ ಮೇಲು ಕೀಳು ಎಣಿಸಿತ್ತು. ಆದರೆ ವಿಜ್ಞಾನವನ್ನು ಕಾಯಿದೆಯಿಂದ ತಡೆಯಹೊರಟದ್ದು ತಪ್ಪೇ. ಪತ್ರಕರ್ತ ಮೆಂಕೆನ್ ಆ ಊರಿನವರನ್ನು ಹಳ್ಳಿ ಗಮಾರರೆಂದು ಬರೆದು ದೇಶವನ್ನೆಲ್ಲ ನಗಿಸಿದರು. ತೀರ್ಪಿನ ಐದನೆಯ ದಿನ, ಭಾನುವಾರ, ಬ್ರಯಾನ್ ಅದೇ ಊರಿನಲ್ಲಿ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ನಗೆಗೀಡಾದ ಜನ ನಂಬಿಕೆ ಬಿಟ್ಟರೇ? ಇಲ್ಲ. ತಮ್ಮದೇ ಬೈಬಲ್ ಶಾಲೆ, ರೇಡಿಯೋ, ಕಾಲೇಜು ಕಟ್ಟಿಕೊಂಡು ಇನ್ನೂ ಗಟ್ಟಿಯಾದರು.

1993ರಲ್ಲಿ ರೋಮಿನ ಬೈಬಲ್ ಆಯೋಗವು ಮೂಲಭೂತವಾದಿ ಓದನ್ನು ಕಟುವಾಗಿಯೇ ತಿರಸ್ಕರಿಸಿತು. ಬದುಕಿನ ಪ್ರಶ್ನೆಗಳಿಗೆ ಸಿದ್ಧ ಉತ್ತರ ಹುಡುಕುವವರನ್ನು ಅದು ಸೆಳೆಯುತ್ತದೆ ಎಂದಿತು. ನಿಜವೇ. ಆದರೆ ಆ ಯುವಕನ ಮಾತು ಕೇಳಿದ ಮೇಲೆ, ಅವನು ಹುಡುಕಿದ್ದು ಮೊದಲು ಉತ್ತರವನ್ನಲ್ಲ, ಹೆಸರು ಹಿಡಿದು ಕರೆಯುವವರನ್ನು ಎಂದು ನನಗನ್ನಿಸುತ್ತದೆ. ಉತ್ತರಗಳು ಆಮೇಲೆ ಗಂಜಿಯ ಜೊತೆಗೇ ಬಂದವು.

ಟೆನೆಸ್ಸಿ ಆ ಕಾಯಿದೆಯನ್ನು 1967ರಲ್ಲಿ ರದ್ದು ಮಾಡಿತು. ನಮ್ಮ ಗುರುಗಳ ಆ ಪ್ರಮಾಣವಚನವನ್ನು ಕೈಬಿಟ್ಟದ್ದೂ ಅದೇ ವರ್ಷ.

ಯುವಕ ಈಗಲೂ ಆ ಕೂಟದಲ್ಲೇ ಇದ್ದಾನೆ. ಕ್ರಿಸ್ಮಸ್‌ಗೆ ಬಂದಾಗ ಕಾಫಿಗೆ ಕರೆದರೆ ಬರುತ್ತಾನೆ. ಸ್ವರೂಪವೂ ಇದ್ದಲ್ಲೇ ಇದೆ, ತಾಯಿ ಬಿಡಲಿಲ್ಲ. ಪರ ಊರಿಗೆ ಕೆಲಸಕ್ಕೆ ಹೊರಟ ಮಕ್ಕಳ ಹೆಸರು ಬರೆದಿಟ್ಟು ಅಲ್ಲಿನ ಗುರುಗಳಿಗೆ ಫೋನ್ ಮಾಡಲೆಂದು ನಮ್ಮ ಕಚೇರಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಇದುವರೆಗೆ ಅದರಲ್ಲಿ 17 ಹೆಸರುಗಳಿವೆ.