ಹೃದಯ ಯಾರಿಗೆ ಹೊಂದುತ್ತದೆ?

1967ರ ಡಿಸೆಂಬರ್ 3ರಂದು ಕೇಪ್‌ಟೌನಿನ ಗ್ರೂಟ್ ಸ್ಕೂರ್ ಆಸ್ಪತ್ರೆಯಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಇನ್ನೊಬ್ಬ ಮನುಷ್ಯನಿಗೆ ಕಸಿ ಮಾಡಿದರು. ರೋಗಿ 18 ದಿನ ಬದುಕಿದ. ತಿಂಗಳು ತುಂಬುವಷ್ಟರಲ್ಲಿ ಅದೇ ಬರ್ನಾರ್ಡ್, ಫಿಲಿಪ್ ಬ್ಲೈಬರ್ಗ್ ಎಂಬ ಬಿಳಿಯ ದಂತವೈದ್ಯರಿಗೆ ಎರಡನೆಯ ಕಸಿ ಮಾಡಿದರು. ದಾನಿ, ದಕ್ಷಿಣ ಆಫ್ರಿಕಾದ ಆಗಿನ ವರ್ಣಭೇದದ ಕಾನೂನು 'ಕಲರ್ಡ್' (ಮಿಶ್ರ ವರ್ಣದವ) ಎಂದು ಬೇರೆ ಇಟ್ಟಿದ್ದ 24 ವರ್ಷದ ತರುಣ. ಆ ಹೃದಯ ಬ್ಲೈಬರ್ಗ್ ಅವರನ್ನು 19 ತಿಂಗಳು ಬದುಕಿಸಿತು. ಕಾನೂನು ಕಂಡ ವ್ಯತ್ಯಾಸ ದೇಹಕ್ಕೆ ಲೆಕ್ಕಕ್ಕೇ ಬರಲಿಲ್ಲ. ಹೃದಯ ಕಸಿಯ ಚರಿತ್ರೆಯೆಂದರೆ ತದ್ರೂಪಿ ದಾನಿಯ ಹುಡುಕಾಟವಲ್ಲ. ಯಾವ ವ್ಯತ್ಯಾಸ ಸಹ್ಯ, ಯಾವುದು ಮಾರಕ ಎಂದು ಕಲಿತ ಚರಿತ್ರೆ.

ಆ ಕಲಿಕೆಗೆ ತೆತ್ತ ಬೆಲೆ ದೊಡ್ಡದು. 1968ರಲ್ಲಿ ಜಗತ್ತಿನಾದ್ಯಂತ ನೂರರಷ್ಟು ಕಸಿಗಳಾದವು. ಹೆಚ್ಚಿನವರು ಬೇಗ ತೀರಿಕೊಂಡರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಪಿ.ಕೆ. ಸೇನ್ ಆ ವರ್ಷದ ಫೆಬ್ರವರಿಯಲ್ಲಿ ಮಾಡಿದ ಕಸಿಯ ರೋಗಿ ಕೆಲವೇ ಗಂಟೆ ಉಳಿದ. ಬಹುತೇಕ ಆಸ್ಪತ್ರೆಗಳು ಕೈಬಿಟ್ಟಾಗ ಸ್ಟ್ಯಾನ್‌ಫರ್ಡಿನ ನಾರ್ಮನ್ ಶಮ್ವೇ ಮುಂದುವರಿಸಿದರು. ಮೊದಲು ರಕ್ತದ ಗುಂಪು, ಆಮೇಲೆ ಗಾತ್ರ, ಆಮೇಲೆ ಪ್ರತಿಕಾಯ (ಪರಕೀಯ ಕಣಗಳ ಮೇಲೆರಗುವ ರಕ್ತದ ಪ್ರೋಟೀನು) ಎಂಬ ಕ್ರಮ ನಿಧಾನವಾಗಿ ನೆಲೆಗೊಂಡಿತು. ದೊಡ್ಡ ಮೈಯವರಿಗೆ ಚಿಕ್ಕ ಹೃದಯ ಸಾಲದು. ಪ್ರತಿಕಾಯದ ಪತ್ತೆಗೆ 1964ರಲ್ಲಿ ಪಾಲ್ ಟೆರಾಸಾಕಿ ಬೆಳೆಸಿದ ವಿಧಾನ ನೆರವಾಯಿತು: ರೋಗಿಯ ಸೀರಮ್ಮಿನ ಹನಿಯಲ್ಲಿ ದಾನಿಯ ಬಿಳಿ ರಕ್ತಕಣಗಳನ್ನಿಟ್ಟು, ಮೊಲದ ರಕ್ತದ ಅಂಶ ಬೆರೆಸಿ, ಬಣ್ಣ ಹಾಕುತ್ತಾರೆ. ಪ್ರತಿಕಾಯವಿದ್ದರೆ ಕಣ ಸಾಯುತ್ತದೆ, ಸತ್ತ ಕಣದೊಳಗೆ ಬಣ್ಣ ಇಳಿಯುತ್ತದೆ. ಹಾಗೆ ಇಳಿದರೆ ಆ ಹೃದಯ ಆ ರೋಗಿಗೆ ಸಲ್ಲದು.

ಮೂತ್ರಪಿಂಡಕ್ಕೆ ನೋಡುವಂತೆ ಎಚ್‌ಎಲ್‌ಎ (ಜೀವಕೋಶಗಳ ಮೇಲಿನ ಗುರುತುಗಳು) ಹೋಲಿಕೆಯನ್ನು ಹೃದಯಕ್ಕೂ ಏಕೆ ನೋಡಬಾರದು ಎಂಬ ಆಕ್ಷೇಪ ನ್ಯಾಯವಾದುದೇ. ಹೋಲಿಕೆ ಹೆಚ್ಚಿದಷ್ಟೂ ಒಳ್ಳೆಯದು. ಆದರೆ ಮಂಜಿನಲ್ಲಿಟ್ಟ ಮೂತ್ರಪಿಂಡ ಒಂದು ದಿನ ತಾಳುತ್ತದೆ, ಹೃದಯಕ್ಕಿರುವುದು ಸುಮಾರು ನಾಲ್ಕು ಗಂಟೆ. ಪೂರ್ತಿ ಹೋಲಿಕೆಗೆ ಕಾದರೆ ರೋಗಿಯೇ ಉಳಿಯಲಾರ. ಉಳಿದ ಕೊರತೆಯನ್ನು 1980ರ ದಶಕದಲ್ಲಿ ಬಳಕೆಗೆ ಬಂದ, ದೇಹದ ಪ್ರತಿರೋಧವನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಔಷಧ ಬಹುಮಟ್ಟಿಗೆ ತುಂಬಿತು. ರಕ್ತದ ಗುಂಪಿನ ನಿಯಮವೂ ಕೊನೆಯ ಮಾತಲ್ಲ: ಪ್ರತಿಕಾಯ ಇನ್ನೂ ಬೆಳೆಯದ ಹಸುಗೂಸುಗಳಿಗೆ ಬೇರೆ ಗುಂಪಿನ ಹೃದಯವೂ ಒಗ್ಗುತ್ತದೆಂದು ಟೊರೊಂಟೊ ವೈದ್ಯರು 2001ರಲ್ಲಿ ತೋರಿಸಿಕೊಟ್ಟರು.

ಒಂದು ಹೃದಯ ಹಲವರಿಗೆ ಹೊಂದುವುದಾದರೆ ಹಣವಂತರಿಗೇ ಅದು ಸಿಗದೇ ಎಂಬ ಶಂಕೆ ಇನ್ನೂ ಗಂಭೀರ. ಅದಕ್ಕೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ. ಉತ್ತರವಿರುವುದು ಕಾಯುವವರ ಪಟ್ಟಿಯಲ್ಲಿ. ಭಾರತದಲ್ಲಿ ಅಂಗಾಂಗ ಕಸಿ ಕಾಯ್ದೆ ರೂಪುಗೊಂಡದ್ದೂ ದೆಹಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ಮೊದಲ ಯಶಸ್ವಿ ಹೃದಯ ಕಸಿ ಮಾಡಿದ್ದೂ 1994ರಲ್ಲೇ. ಕರ್ನಾಟಕದಲ್ಲಿ ಅಂಗಗಳ ಹಂಚಿಕೆ 'ಜೀವಸಾರ್ಥಕತೆ' ಸಂಸ್ಥೆಯ ಹೊಣೆ. ಝೀರೋ ಟ್ರಾಫಿಕ್‌ನಲ್ಲಿ ಧಾವಿಸುವ ಆಂಬುಲೆನ್ಸ್‌ಗೆ ದಾರಿ ಬಿಡುವ ನಾವು, ಆ ಪಟ್ಟಿಯ ನಿಯಮಗಳು ಎಲ್ಲರ ಕಣ್ಣಿಗೂ ಕಾಣುವಂತಿರಬೇಕೆಂದು ಕೇಳಬೇಕು. ಹೊಂದಾಣಿಕೆಯ ಅರ್ಧ ವಿಜ್ಞಾನ, ಇನ್ನರ್ಧ ನ್ಯಾಯ. ದಾನ ಮಾಡುವ ಇಚ್ಛೆಯನ್ನು ಮನೆಯವರಿಗೆ ಇಂದೇ ತಿಳಿಸಿಡಿ. ದಾನಿಯೇ ಇಲ್ಲದಿದ್ದರೆ ಎರಡೂ ವ್ಯರ್ಥ.