ವಿ.ಸಿ.ಆರ್. ಕಿವುಡಾದ ಕಥೆ

ಅಮೆರಿಕದಲ್ಲಿ 2009ನೆಯ ಇಸವಿ ಜೂನ್ 12ರಂದು, ಆಂಟೆನಾ ನಂಬಿಕೊಂಡಿದ್ದ ಮನೆಗಳ ಹಳೆಯ ವಿ.ಸಿ.ಆರ್. ಯಂತ್ರಗಳು ಕಿವುಡಾಗಿಬಿಟ್ಟವು. ಅವು ಕೆಟ್ಟಿದ್ದವೆಂದಲ್ಲ. ಮೋಟಾರು ತಿರುಗುತ್ತಿತ್ತು, ಹೆಡ್ಡು ಸವೆದಿರಲಿಲ್ಲ, ಹಳೆಯ ಕ್ಯಾಸೆಟ್ ಹಾಕಿದರೆ ಚಿತ್ರ ಎಂದಿನಂತೆ ಮೂಡುತ್ತಿತ್ತು. ಆದರೆ ಹೊಸದಾಗಿ ಏನನ್ನಾದರೂ ಹಿಡಿದುಕೋ ಎಂದರೆ ಬಿಳಿಯ ಚುಕ್ಕೆಗಳ ಹೊರತು ಬೇರೇನೂ ಸಿಗುತ್ತಿರಲಿಲ್ಲ. ಆ ದೇಶದ ಪೂರ್ಣಶಕ್ತಿಯ ಟಿ.ವಿ. ಕೇಂದ್ರಗಳು ಅನಲಾಗ್ ಪ್ರಸಾರವನ್ನು ಮುಗಿಸಿ, ಡಿಜಿಟಲ್ ಪ್ರಸಾರವನ್ನಷ್ಟೇ ಉಳಿಸಿಕೊಂಡ ದಿನ ಅದು. ಮೂರು ವರ್ಷಗಳ ನಂತರ ಅದೇ ಸಂಕಟ ಸ್ವಲ್ಪ ವೇಷ ಬದಲಿಸಿಕೊಂಡು ನಮ್ಮ ದೆಹಲಿ, ಮುಂಬಯಿಗಳ ಮನೆಗಳಿಗೂ ಬಂತು.

ಹಳೆಯ ಯಂತ್ರ ಹೋಗಿ ಹೊಸದು ಬರುವುದು ಲೋಕರೂಢಿ, ಇದರಲ್ಲಿ ಬರೆಯುವುದೇನಿದೆ ಎಂದು ಓದುಗರು ಕೇಳಬಹುದು. ಯಾವ ಹೊತ್ತಿಗೆ ಯಾವುದನ್ನು ಹಿಡಿದಿಡಬೇಕೆಂದು ಮನೆಯವರೇ ತೀರ್ಮಾನಿಸುವ ಅಧಿಕಾರವೂ ಆ ಯಂತ್ರದ ಜೊತೆಗೇ ಹೋಯಿತೆಂಬುದು ನಮ್ಮ ಅಭಿಪ್ರಾಯ. ಅದು ಹೇಗೆ ಹೋಯಿತೆಂಬುದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ವಿ.ಸಿ.ಆರ್. ಎಂದರೆ ಮೂವರು ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಮಾಡಿದಂತೆ. ಒಬ್ಬ ಕೇಳುವವನು, ಅಂದರೆ ಟ್ಯೂನರ್. ಗಾಳಿಯಲ್ಲಿರುವ ನಾನಾ ಅಲೆಗಳಲ್ಲಿ ಬೇಕಾದ ಒಂದನ್ನು ಆರಿಸುವುದು ಅವನ ಕೆಲಸ. ಇನ್ನೊಬ್ಬ ಹೊತ್ತು ನೋಡುವವನು, ಅಂದರೆ ಗಡಿಯಾರ. ಮೂರನೆಯವನು ಬರೆದಿಡುವವನು. ಈ ಬರೆಯುವವನ ಚಮತ್ಕಾರ ನಿಜಕ್ಕೂ ನೋಡುವಂಥದು. ವಿ.ಎಚ್.ಎಸ್. ಟೇಪಿನ ಅಗಲ ಅರ್ಧ ಅಂಗುಲ; ಅದು ಸಾಗುವುದು ಸೆಕೆಂಡಿಗೆ ಸುಮಾರು 23 ಮಿಲಿಮೀಟರ್, ಇರುವೆಯ ನಡಿಗೆ ಎನ್ನಿ. ಅಷ್ಟು ನಿಧಾನ ಸಾಗುವ ಟೇಪಿನ ಮೇಲೆ ಸೆಕೆಂಡಿಗೆ ಲಕ್ಷಾಂತರ ಸಲ ಏರಿಳಿಯುವ ಚಿತ್ರಸಂಕೇತವನ್ನು ಬರೆಯುವುದು ಹೇಗೆ? ಟೇಪನ್ನು ಓಡಿಸುವ ಬದಲು ಹೆಡ್ಡುಗಳನ್ನೇ ಓಡಿಸಿದರು. ಓರೆಯಾಗಿ ನಿಲ್ಲಿಸಿದ ಒಂದು ಉರುಳೆಯ ಮೇಲೆ ಅವನ್ನು ಕೂರಿಸಿ, ಉರುಳೆಯನ್ನು ನಿಮಿಷಕ್ಕೆ 1500 ಸುತ್ತು ತಿರುಗಿಸಿದರು. ಟೇಪಿನ ಮೇಲೆ ಓರೆ ಗೆರೆಗಳು ಬಿದ್ದವು: ಸೆಕೆಂಡಿಗೆ 50 ಗೆರೆ, ಒಂದೊಂದು ಗೆರೆಯಲ್ಲಿ ಅರ್ಧರ್ಧ ಚಿತ್ರ. ಇದು ನಮ್ಮ ದೇಶದ ಪಾಲ್ ಪದ್ಧತಿಯ ಲೆಕ್ಕ.

ಟೇಪಿನಲ್ಲಿ ಚಿತ್ರ ಹಿಡಿಯುವ ವಿದ್ಯೆ ಮೊದಲು ಪ್ರಸಾರ ಕೇಂದ್ರಗಳ ಸೊತ್ತಾಗಿತ್ತು. ಕ್ಯಾಲಿಫೋರ್ನಿಯಾದ ಆಂಪೆಕ್ಸ್ ಕಂಪನಿ 1956ರಲ್ಲಿ ತಯಾರಿಸಿದ ಯಂತ್ರಕ್ಕೆ ಎರಡು ಅಂಗುಲ ಅಗಲದ ಟೇಪು ಬೇಕಿತ್ತು. ಟೇಪಿನ ಬೆಲೆ ವಿಪರೀತ. ಆದ್ದರಿಂದ ಕೇಂದ್ರದವರು ಬರೆದದ್ದನ್ನು ಅಳಿಸಿ ಅದರ ಮೇಲೇ ಇನ್ನೊಂದನ್ನು ಬರೆಯುತ್ತಿದ್ದರು. ಬಿ.ಬಿ.ಸಿ.ಯಂಥ ಸಂಸ್ಥೆ ಕೂಡ 1960ರ ದಶಕದ ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ ಹಲವಾರು ಕಂತುಗಳನ್ನು ಹೀಗೆ ಕಳೆದುಕೊಂಡಿತು. ಆ ಕಳೆದುಹೋದ ಕಂತುಗಳ ಧ್ವನಿ ಮಾತ್ರ ಇಂದಿಗೂ ಉಳಿದಿದೆ. ಉಳಿಸಿದವರು ಬಿ.ಬಿ.ಸಿ.ಯವರಲ್ಲ, ಮನೆಯಲ್ಲಿ ಟಿ.ವಿ. ಪಕ್ಕದಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕೂತ ಹುಡುಗರು! ದಫ್ತರದಲ್ಲಿ ಇಲ್ಲದ ಕಾಗದ ಅರ್ಜಿದಾರನ ಟ್ರಂಕಿನಲ್ಲಿ ಸಿಗುವುದು ನಮ್ಮಂಥ ಗುಮಾಸ್ತರಿಗೆ ಹೊಸದೇನಲ್ಲ.

ಸೋನಿ ಕಂಪನಿಯ ಬೀಟಾಮ್ಯಾಕ್ಸ್ 1975ರಲ್ಲಿಯೂ, ಜೆ.ವಿ.ಸಿ.ಯವರ ವಿ.ಎಚ್.ಎಸ್. 1976ರಲ್ಲಿಯೂ ಬಂದವು. 1976ರಲ್ಲಿಯೇ ಯೂನಿವರ್ಸಲ್ ಮತ್ತು ಡಿಸ್ನಿ ಚಿತ್ರಸಂಸ್ಥೆಗಳು ಸೋನಿಯ ಮೇಲೆ ದಾವೆ ಹೂಡಿದವು. ಮನೆಯಲ್ಲಿ ಕೂತು ಪ್ರಸಾರವನ್ನು ಹಿಡಿದುಕೊಳ್ಳುವುದು ಕಳ್ಳತನ, ಅದಕ್ಕೆ ಯಂತ್ರ ಮಾರುವವನು ಹೊಣೆ ಎಂಬುದು ವಾದ. ಮಕ್ಕಳ ಕಾರ್ಯಕ್ರಮದ ಫ್ರೆಡ್ ರೋಜರ್ಸ್ ಅವರು ಮಾತ್ರ ತಮ್ಮ ಕಾರ್ಯಕ್ರಮವನ್ನು ಮನೆಯವರು ಹಿಡಿದಿಟ್ಟು ಅನುಕೂಲವಾದಾಗ ನೋಡಿದರೆ ತಮ್ಮದೇನೂ ಆಕ್ಷೇಪಣೆಯಿಲ್ಲವೆಂದು ಸಾಕ್ಷ್ಯ ನುಡಿದರು. ಮೊಕದ್ದಮೆ ಎಂಟು ವರ್ಷ ನಡೆಯಿತು. 1984ರ ಜನವರಿ 17ರಂದು ಅಮೆರಿಕದ ಸುಪ್ರೀಂ ಕೋರ್ಟು, ಆಮೇಲೆ ನೋಡಲೆಂದು ಹಿಡಿದಿಟ್ಟುಕೊಳ್ಳುವುದು ತಪ್ಪಲ್ಲ ಎಂದು ತೀರ್ಪಿತ್ತಿತು. ಪರವಾಗಿ ಐವರು, ವಿರುದ್ಧ ನಾಲ್ವರು. ಒಬ್ಬೇ ಒಬ್ಬ ನ್ಯಾಯಾಧೀಶರು ಆಚೆ ವಾಲಿದ್ದರೆ ವಿ.ಸಿ.ಆರ್. ಕಥೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ.

ನಮ್ಮಲ್ಲಿ 1982ರಲ್ಲಿ ಬಣ್ಣದ ಟಿ.ವಿ. ಬಂದಮೇಲೆ ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಪೆಟ್ಟಿಗೆಗಳಲ್ಲಿ ವಿ.ಸಿ.ಆರ್. ಇಳಿಯತೊಡಗಿತು. ಹೆಚ್ಚಿನವರಿಗೆ ಅದು ಬಾಡಿಗೆ ಕ್ಯಾಸೆಟ್ ತಂದು ರಾತ್ರಿಯಿಡೀ ಸಿನಿಮಾ ನೋಡುವ ಸಾಧನ. ಬರೆದಿಡುವ ಗುಂಡಿ ಒತ್ತಿದವರು ಕಡಿಮೆ. ಆದರೂ ‘ರಾಮಾಯಣ’ ಬಂದ 1987–88ರ ಭಾನುವಾರಗಳಲ್ಲಿ, ಶಂಕರ್‌ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಬಂದ ದಿನಗಳಲ್ಲಿ, ಊರಿಗೆ ಕಳಿಸಲೆಂದೋ ಇಟ್ಟುಕೊಳ್ಳಲೆಂದೋ ಹಿಡಿದವರುಂಟು.

ಇನ್ನು ಡಿಜಿಟಲ್ ವಿಷಯ. ಸ್ಟುಡಿಯೋದಲ್ಲಿ ಸಾಧಾರಣ ಟಿ.ವಿ. ಚಿತ್ರವನ್ನು ಅಂಕಿಗಳಾಗಿ ಬರೆದರೆ ಸೆಕೆಂಡಿಗೆ 270 ಮೆಗಾಬಿಟ್ ಬೇಕು. ಅಮೆರಿಕದ ಒಂದು ಚಾನೆಲಿನ ಓಣಿಯಲ್ಲಿ ಹಿಡಿಸುವುದು 19 ಮೆಗಾಬಿಟ್‌ಗಿಂತ ತುಸು ಹೆಚ್ಚು. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಬದಲಾಗದೆ ಉಳಿದ ಭಾಗವನ್ನು ಮತ್ತೆ ಮತ್ತೆ ಕಳಿಸದೆ, ಬದಲಾದಷ್ಟನ್ನೇ ಕಳಿಸುವ ಉಪಾಯ ಮೊದಲಾದವುಗಳಿಂದ ಅದನ್ನು ಹಿಂಡಿ ಕಳಿಸಿದರು. ಮೊದಲು ಒಂದು ಕಾರ್ಯಕ್ರಮ ಸಾಗುತ್ತಿದ್ದ ಓಣಿಯಲ್ಲಿ ಈಗ ನಾಲ್ಕೈದು ಸಾಗಬಹುದು. ತೆರವಾದ ಅಲೆಗಳಿಗೆ ಮೊಬೈಲ್ ಕಂಪನಿಗಳು ಕಾದಿದ್ದವು. 2008ರ ಹರಾಜಿನಲ್ಲಿ ಸರ್ಕಾರಕ್ಕೆ 1,900 ಕೋಟಿ ಡಾಲರಿಗೂ ಮೇಲ್ಪಟ್ಟು ಬಂತು. ಸರ್ಕಾರಕ್ಕೆ ಇಷ್ಟು ಆತುರ ಏಕಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಹಳೆಯ ಟಿ.ವಿ. ಇಟ್ಟುಕೊಂಡವರು ಬೀದಿಪಾಲಾಗಬಾರದೆಂದು ಅಲ್ಲಿನ ಸರ್ಕಾರ ಮನೆಗೆ ಎರಡರಂತೆ 40 ಡಾಲರಿನ ಕೂಪನ್ ಹಂಚಿತು. ಆ ಕೂಪನ್ ಕೊಟ್ಟು ಪರಿವರ್ತಕ ಪೆಟ್ಟಿಗೆಯೊಂದನ್ನು ಕೊಳ್ಳಬಹುದು. ಪೆಟ್ಟಿಗೆ ಡಿಜಿಟಲ್ ಅಲೆಯನ್ನು ಹಿಡಿದು ಹಳೆಯ ರೀತಿಯ ಸಂಕೇತವಾಗಿ 3 ಅಥವಾ 4ನೆಯ ಚಾನೆಲಿನಲ್ಲಿ ಕೊಡುತ್ತದೆ. ಟಿ.ವಿ. ನೋಡುವವನಿಗೆ ಇಷ್ಟು ಸಾಕು. ವಿ.ಸಿ.ಆರ್. ಇದ್ದವನ ಪಾಡು ಬೇರೆ. ಮೊದಲೆಲ್ಲ ಟಿ.ವಿ.ಯಲ್ಲಿ ಒಂದನ್ನು ನೋಡುತ್ತ ವಿ.ಸಿ.ಆರ್.ನಲ್ಲಿ ಇನ್ನೊಂದನ್ನು ಹಿಡಿಯಬಹುದಾಗಿತ್ತು. ಎರಡಕ್ಕೂ ಬೇರೆ ಬೇರೆ ಕಿವಿ. ಈಗ ಇಬ್ಬರಿಗೂ ಒಂದೇ ಕಿವಿ, ಅದೂ ಹೊರಗಿನದು. ಸೋಮವಾರ ಒಂದು ಚಾನೆಲ್, ಬುಧವಾರ ಇನ್ನೊಂದು ಎಂದು ಹೊತ್ತು ಗೊತ್ತುಮಾಡಿ ಊರಿಗೆ ಹೋಗುತ್ತಿದ್ದವರು ಕಂಗಾಲಾದರು. ವಿ.ಸಿ.ಆರ್.ನ ಗಡಿಯಾರ ಸರಿಯಾದ ವೇಳೆಗೆ ಟೇಪನ್ನು ಓಡಿಸಬಲ್ಲದೇ ಹೊರತು ಪಕ್ಕದ ಪೆಟ್ಟಿಗೆಯ ಚಾನೆಲನ್ನು ತಿರುಗಿಸಲಾರದು.

ಇಷ್ಟಕ್ಕೇ ಮುಗಿಯಲಿಲ್ಲ. ವಿದ್ಯುತ್ ಉಳಿತಾಯದ ನಿಯಮದಂತೆ, ಯಾರೂ ನಾಲ್ಕು ಗಂಟೆ ಮುಟ್ಟದಿದ್ದರೆ ಆ ಪೆಟ್ಟಿಗೆ ತಾನಾಗಿ ನಿದ್ದೆಹೋಗುವ ಏರ್ಪಾಡಿತ್ತು. ಅದನ್ನು ತಪ್ಪಿಸುವ ಉಪಾಯವೂ ಇತ್ತೆನ್ನಿ, ಆದರೆ ಹುಡುಕಬೇಕು. ಹುಡುಕದವನ ಟೇಪು ನಡುರಾತ್ರಿ ಎದ್ದು, ಮಲಗಿದ ಪೆಟ್ಟಿಗೆಯ ಮುಂದೆ ಎರಡು ಗಂಟೆ ಖಾಲಿ ಓಡಿ ನಿಲ್ಲುತ್ತಿತ್ತು. ಕೆಲವು ಮಾದರಿಗಳ ವಿ.ಸಿ.ಆರ್. ಗಡಿಯಾರ ಪ್ರಸಾರದಲ್ಲಿ ಅಡಗಿ ಬರುತ್ತಿದ್ದ ವೇಳೆಯ ಸಂಕೇತವನ್ನು ನೋಡಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತಿತ್ತು. ಅನಲಾಗ್ ನಿಂತಮೇಲೆ ಅದಕ್ಕೂ ದಿಕ್ಕಿಲ್ಲದಾಯಿತು. ಕೆಲವು ಪರಿವರ್ತಕಗಳಲ್ಲಿ ಹೊತ್ತಿಗೆ ಸರಿಯಾಗಿ ಚಾನೆಲ್ ಬದಲಿಸುವ ವ್ಯವಸ್ಥೆ ಇತ್ತು. ಅದೇ ವೇಳೆಯನ್ನು ಎರಡು ಯಂತ್ರಗಳಲ್ಲಿ ಎರಡು ಸಲ ನಮೂದಿಸಬೇಕು, ಅಷ್ಟೇ. 2007ರ ಮಾರ್ಚ್ 1ರಿಂದ ಟ್ಯೂನರ್ ಇರುವ ಯಾವ ಹೊಸ ಯಂತ್ರಕ್ಕೂ ಡಿಜಿಟಲ್ ಟ್ಯೂನರ್ ಇರಲೇಬೇಕೆಂಬ ನಿಯಮ ಬಂದಿತ್ತು. ಕೆಲವು ತಯಾರಕರು ಟ್ಯೂನರನ್ನೇ ತೆಗೆದುಹಾಕಿ ನಿಯಮದಿಂದ ಪಾರಾದರು!

ನ್ಯಾಯವಾಗಿ ಹೇಳಬೇಕಾದರೆ ಲಾಭವೂ ಇತ್ತು. ಆಂಟೆನಾದಲ್ಲಿ ಹಿಮ ಬಿದ್ದಂತೆ ಕಾಣುತ್ತಿದ್ದ ಚಿತ್ರ ಡಿಜಿಟಲ್ ಪೆಟ್ಟಿಗೆಯಿಂದ ತೊಳೆದಂತೆ ಬರುತ್ತಿತ್ತು. ಹಳೆಯ ಟೇಪಿನ ಮೇಲೂ ಮೊದಲಿಗಿಂತ ಚೆನ್ನಾಗಿ ಕೂರುತ್ತಿತ್ತು. ಸಂಕೇತ ಕ್ಷೀಣಿಸಿದರೆ ಮಾತ್ರ ಅನಲಾಗಿನಂತೆ ಮಸುಕಾಗದೆ, ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು.

ಬೇಲಿ ಹಾಕುವವರೂ ಸುಮ್ಮನಿರಲಿಲ್ಲ. 1985ರಿಂದ ಸಿನಿಮಾ ಕ್ಯಾಸೆಟ್‌ಗಳಲ್ಲಿ ಮ್ಯಾಕ್ರೊವಿಷನ್ ಎಂಬ ಉಪಾಯ ಬಂದಿತ್ತು. ಚಿತ್ರದಲ್ಲಿ ಕಾಣದ ಗೆರೆಗಳಲ್ಲಿ ಪ್ರಖರವಾದ ಮಿಡಿತಗಳನ್ನಿಟ್ಟರೆ, ವಿ.ಸಿ.ಆರ್.ನ ಸ್ವಯಂಚಾಲಿತ ಮಟ್ಟದ ನಿಯಂತ್ರಣ ಮೋಸಹೋಗಿ ಚಿತ್ರವನ್ನು ಮಂಕುಮಾಡಿ, ಬೆಳಗಿಸಿ, ಹಾಳುಮಾಡುತ್ತದೆ. ಕೆಲವು ಡಿಜಿಟಲ್ ಪೆಟ್ಟಿಗೆಗಳಲ್ಲೂ ಈ ಮಿಡಿತಗಳನ್ನು ಹುಟ್ಟಿಸುವ ಚಿಪ್ಪು ಕೂತಿತ್ತು. ಕೋರ್ಟಿನಲ್ಲಿ ಸೋತ ವಾದ ಚಿಪ್ಪಿನೊಳಗೆ ಗೆದ್ದಿತು ಎನ್ನಬಹುದು.

ಇಷ್ಟೆಲ್ಲ ಇದ್ದರೂ ಹಿಡಿದಿಟ್ಟವರಿದ್ದರು. ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಎಂಬಾಕೆ ಹಿಂದೆ ಗ್ರಂಥಪಾಲಕಿಯಾಗಿದ್ದವರು. 1979ರಿಂದ ಹಗಲು ರಾತ್ರಿ ಬಿಡದೆ ಟಿ.ವಿ. ಸುದ್ದಿಯನ್ನು ಹಲವು ಯಂತ್ರಗಳಲ್ಲಿ ಹಿಡಿದರು. 2012ರ ಡಿಸೆಂಬರ್ 14ರಂದು ಅವರು ತೀರಿಕೊಂಡಾಗ ಬೀಟಾಮ್ಯಾಕ್ಸ್ ಮತ್ತು ವಿ.ಎಚ್.ಎಸ್. ಸೇರಿ ಸುಮಾರು 70,000 ಟೇಪುಗಳಿದ್ದವು. ಇಂಟರ್ನೆಟ್ ಆರ್ಕೈವ್ ಸಂಸ್ಥೆ ಅವನ್ನು ವಹಿಸಿಕೊಂಡಿತು.

ಅದೇ ಚಳಿಗಾಲ ದೆಹಲಿಯಲ್ಲಿ ನಮ್ಮ ಮನೆಯ ಸರದಿ. 2011ರ ಕೇಬಲ್ ತಿದ್ದುಪಡಿ ಕಾಯಿದೆಯ ಪ್ರಕಾರ ನಾಲ್ಕು ಮಹಾನಗರಗಳಲ್ಲಿ ಅನಲಾಗ್ ಕೇಬಲ್ ನಿಲ್ಲಲು 2012ರ ಅಕ್ಟೋಬರ್ 31 ಕಡೆಯ ದಿನ. ಬೆಂಗಳೂರು, ಮೈಸೂರು, ಪುಣೆ, ಹೈದರಾಬಾದ್ ಸೇರಿ 38 ನಗರಗಳಿಗೆ 2013ರ ಮಾರ್ಚ್ 31. ನಮ್ಮ ತಂದೆಯವರಿಗೆ ಸೆಟ್‌ಟಾಪ್ ಪೆಟ್ಟಿಗೆಯಿಂದ ಸಂತೋಷವೇ ಆಯಿತು. ಅದುವರೆಗೆ ನಮ್ಮ ಕೇಬಲಿನವನು ಕೊಡದಿದ್ದ ಚಂದನ ವಾಹಿನಿ ಶುಭ್ರವಾಗಿ ಬರತೊಡಗಿತ್ತು. ಡಿಸೆಂಬರ್ 25ರ ರಜಾದಿನ ಅದರಲ್ಲಿ ‘ಕೃಷ್ಣಸಂಧಾನ’ದ ತಾಳಮದ್ದಳೆಯಿತ್ತು. ಹಳದಿ, ಬಿಳಿ, ಕೆಂಪು ತಂತಿಗಳಿಂದ ಪೆಟ್ಟಿಗೆಯನ್ನು ವಿ.ಸಿ.ಆರ್.ಗೆ ಜೋಡಿಸಿಕೊಟ್ಟವರು ನಾವೇ. ತಂದೆಯವರು ಹೊಸ ಕ್ಯಾಸೆಟ್ ಹಾಕಿ, ಗುಂಡಿ ಒತ್ತಿ, ಪೆಟ್ಟಿಗೆಯ ಮೇಲೆ ‘ಯಾರೂ ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿ ಸಂಜೆಯ ನಡಿಗೆಗೆ ಹೋದರು.

ಅಂದು ಬೆಂಗಳೂರಿನಲ್ಲಿ ಭಾರತ–ಪಾಕಿಸ್ತಾನಗಳ ಟಿ–20 ಪಂದ್ಯ. ಚೀಟಿ ಇದ್ದದ್ದು ಪೆಟ್ಟಿಗೆಯ ಮೇಲೆ, ರಿಮೋಟ್ ಇದ್ದದ್ದು ನಮ್ಮ ಕೈಯಲ್ಲಿ. ವಿ.ಸಿ.ಆರ್. ಅದರ ಪಾಡಿಗೆ ಅದು ಹಿಡಿಯುತ್ತದೆ, ಟಿ.ವಿ.ಯಲ್ಲಿ ನಾವು ಬೇರೆ ನೋಡಬಹುದು ಎಂಬ ಹಳೆಯ ರೂಢಿಯಲ್ಲಿ ಚಾನೆಲ್ ಬದಲಿಸಿದೆವು. ಬಿ.ಎಸ್‌ಸಿ. ಓದಿ, ಆ ತಂತಿಗಳನ್ನು ಸ್ವತಃ ಜೋಡಿಸಿದ ನಮಗೇ ಅದು ಹೊಳೆಯಲಿಲ್ಲ! ಪಂದ್ಯವನ್ನು ಭಾರತ ಸೋತಿತು.

ತಂದೆಯವರು ಬೈಯಲಿಲ್ಲ. “ಹೋಗ್ಲಿ ಬಿಡು, ಮತ್ತೆ ಹಾಕ್ತಾರೆ” ಎಂದರು. ಮುಂದೆ ರೆಕಾರ್ಡಿಂಗ್ ಸೌಲಭ್ಯವಿದ್ದ ಹೊಸ ಪೆಟ್ಟಿಗೆ ತರಿಸಿಕೊಟ್ಟೆವು. ಎರಡು ವರ್ಷ ಅದರಲ್ಲಿ ಯಕ್ಷಗಾನ, ಸಂಗೀತ ಎಂದು ಮನಸ್ವೀ ತುಂಬಿಸಿದರು. ಅದು ಕೆಟ್ಟಾಗ ಕಂಪನಿಯವನು ಬೇರೆಯದನ್ನಿಟ್ಟು ಹಳೆಯದನ್ನು ಒಯ್ದ. ಅದರೊಳಗಿನದು ಆ ಪೆಟ್ಟಿಗೆಯ ಹೊರತು ಬೇರೆಲ್ಲೂ ತೆರೆಯುವಂತಿರಲಿಲ್ಲವಂತೆ. ಅವರು ಹಿಡಿದದ್ದರಲ್ಲಿ ಈಗ ನಮ್ಮಲ್ಲಿ ಉಳಿದಿರುವುದು ಟೇಪಿನ ಮೇಲಿನದು ಮಾತ್ರ.

ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು, ಆಮೇಲೆ ಹೊಸ ಯಂತ್ರ ಮಾಡುವವರು ಯಾರೂ ಉಳಿಯಲಿಲ್ಲ. ತಂದೆಯವರು ಈಗ ಇಲ್ಲ. ನಮ್ಮ ವಿ.ಸಿ.ಆರ್. ಇನ್ನೂ ಓಡುತ್ತದೆ, ಅದರ ರಬ್ಬರ್ ಪಟ್ಟಿಯನ್ನು ಎರಡು ಸಲ ಬದಲಿಸಿದ್ದೇವೆ. ಕಳೆದ ತಿಂಗಳು ಆ ಕ್ಯಾಸೆಟನ್ನು ಕಂಪ್ಯೂಟರಿಗೆ ಇಳಿಸಿಕೊಂಡೆವು. ಐವತ್ತೆರಡು ನಿಮಿಷ ತಾಳಮದ್ದಳೆ ಇದೆ. ಕೃಷ್ಣನ ಅರ್ಥಧಾರಿಗಳು ಐದು ಹಳ್ಳಿಗಳನ್ನಾದರೂ ಕೊಡು ಎಂದು ಕೇಳಿ ಮುಗಿಸುತ್ತಾರೆ, ಕೌರವನ ಅರ್ಥಧಾರಿಗಳು ಶಾಲು ಸರಿಪಡಿಸಿಕೊಂಡು ಬಾಯಿ ತೆರೆಯುತ್ತಾರೆ, ಅಷ್ಟರಲ್ಲಿ ಕ್ರಿಕೆಟ್ ಮೈದಾನ ಬರುತ್ತದೆ.