ಕಾಗಿಣಾ ದಂಡೆಯ ಊರು, ಯೆರೂಸಲೇಮಿನ ಹಾಡು

ಕೀರ್ತನೆ ಎಂದ ಕೂಡಲೇ ನಮ್ಮ ಸೇಡಂ ಸೀಮೆಯ ಹೆಣ್ಣುಮಕ್ಕಳಿಗೆ ನೆನಪಾಗುವುದು ದಾಸರ ಪದಗಳು. ಏಕಾದಶಿಯ ರಾತ್ರಿ, ತಾಳ, ತಂಬೂರಿ, ನಿದ್ದೆಗಣ್ಣಿನಲ್ಲೇ ಪಲ್ಲವಿಗೆ ದನಿಗೂಡಿಸುವ ಮಕ್ಕಳು. ಅದೇ ಹೆಸರಿನ ಇನ್ನೊಂದು ಪುಸ್ತಕವೂ ಕನ್ನಡದಲ್ಲಿದೆ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ 150 ಹಾಡುಗಳ ಒಂದು ಸಂಗ್ರಹವಿದೆಯಲ್ಲ, ಕನ್ನಡ ಬೈಬಲಿನಲ್ಲಿ ಅದಕ್ಕೆ 'ಕೀರ್ತನೆಗಳು' ಎಂದೇ ಹೆಸರು. ವಾಡಿ, ಶಹಾಬಾದಿನ ಕಡೆಯ ಕ್ರೈಸ್ತ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಓದುವುದು ಈ ಕೀರ್ತನೆಗಳನ್ನು. ನಮ್ಮ ಮನೆಗಳಲ್ಲಿ ಹಾಡುವುದು ಆ ಕೀರ್ತನೆಗಳನ್ನು. ಒಂದೇ ಮಾತಿಗೆ ಎರಡು ಮನೆ.

ನಾನು ಕ್ರೈಸ್ತಳಲ್ಲ. ಇತಿಹಾಸ ಪಾಠ ಹೇಳಿಕೊಂಡು ಬದುಕಿದವಳು. ಯಜಮಾನರು ತೀರಿಕೊಂಡ ವರ್ಷ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು: ಅಳಬೇಡ, ದೇವರು ಮಾಡಿದ್ದು ಒಳ್ಳೆಯದಕ್ಕೇ. ನಾನೂ ಹೂಂ ಎನ್ನುತ್ತಿದ್ದೆ. ಆದರೆ ಭಜನೆಗೆ ಕುಳಿತರೆ ಬಾಯಿ ಬರುತ್ತಿರಲಿಲ್ಲ. ಸ್ತುತಿಸಲು ಮನಸ್ಸಿಲ್ಲ, ಬಯ್ಯಲು ಧೈರ್ಯವಿಲ್ಲ. ಆಗ ನಮ್ಮ ಶಾಲೆಯಲ್ಲಿದ್ದ ಶಹಾಬಾದಿನ ಕಡೆಯ ಟೀಚರೊಬ್ಬಳು ತನ್ನ ಬೈಬಲನ್ನು ತಂದು, ನಡುವೆ ಒಂದು ದಾರವಿಟ್ಟು ಕೊಟ್ಟಳು. "ಅಕ್ಕೋರೆ, ದೇವರ ಮುಂದ ಸಿಟ್ಟು ಮಾಡಿದ್ರ ಪಾಪ ಬರಂಗಿಲ್ರಿ. ಇದರಾಗ ದಾವೀದ ನಿಮಗಿಂತ ಜಾಸ್ತಿ ಜಗಳ ಆಡ್ಯಾನ" ಎಂದಳು.

ಓದಿ ನೋಡಿದರೆ ನಿಜವೇ. 13ನೆಯ ಕೀರ್ತನೆಯಲ್ಲಿ ಆರೇ ವಚನಗಳು. ಮೊದಲೆರಡರಲ್ಲಿ ಭಕ್ತ ನಾಲ್ಕು ಸಲ, ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಎನ್ನುವ ಅರ್ಥದಲ್ಲಿ ದೇವರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ನಡುವೆ ಒಂದು ಬೇಡಿಕೆ. ಕೊನೆಗೆ ಹಾಡುತ್ತೇನೆ ಎನ್ನುತ್ತಾನೆ. ಕಷ್ಟ ತೀರಿತೆಂದು ಎಲ್ಲೂ ಇಲ್ಲ. ಆದರೂ ದನಿ ತಿರುಗಿದೆ. ಈ ಜಾತಿಯ ಹಾಡುಗಳನ್ನು ವಿದ್ವಾಂಸರು ಶೋಕಗೀತೆಗಳೆಂದು ಕರೆಯುತ್ತಾರೆ. ಇಡೀ ಸಂಗ್ರಹದಲ್ಲಿ ಇವುಗಳದೇ ದೊಡ್ಡ ಗುಂಪು. ಎಲ್ಲವೂ ಹೀಗೆ ಬೆಳಕಿಗೆ ತಿರುಗುತ್ತವೆಂದಲ್ಲ. 88ನೆಯದು ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಯಾರೂ ತೆಗೆದುಹಾಕಲಿಲ್ಲ. ವಿಚಿತ್ರವೆಂದರೆ, ಹೀಬ್ರೂ ಭಾಷೆಯಲ್ಲಿ ಈ ಪುಸ್ತಕದ ಹೆಸರು 'ತೆಹಿಲ್ಲಿಮ್'. ಅಂದರೆ ಸ್ತುತಿಗಳು. ಇಷ್ಟೊಂದು ಅಳು, ದೂರು, ಜಗಳ ತುಂಬಿದ ಪುಸ್ತಕಕ್ಕೆ ಸ್ತುತಿಗಳೆಂದು ಹೆಸರಿಟ್ಟವರು ಎಂಥವರಿರಬೇಕು! ದೂರು ಹೇಳುವುದೂ ಪೂಜೆಯೊಳಗೇ ಸೇರಿದ್ದು ಎಂದು ಅವರು ತಿಳಿದಿದ್ದರು. ಕೇಳುವವನು ಒಬ್ಬನಿದ್ದಾನೆ ಎಂಬ ನಂಬಿಕೆ ಇಲ್ಲದೆ ಯಾರು ತಾನೆ ದೂರು ಹೇಳುತ್ತಾರೆ?

ಈ ಹಾಡುಗಳಲ್ಲಿ ಸುಮಾರು ಅರ್ಧಕ್ಕೆ ದಾವೀದ ರಾಜನ ಹೆಸರಿದೆ. ಆದರೆ ಅವು ಒಬ್ಬನೇ ಬರೆದವಲ್ಲ, ಒಂದೇ ಕಾಲದವೂ ಅಲ್ಲ. ಕ್ರಿ.ಪೂ. 587 ಅಥವಾ 586ರಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಸುಟ್ಟು, ದೇವಾಲಯವನ್ನು ಕೆಡವಿ, ಜನರನ್ನು ಸೆರೆ ಒಯ್ದ. 137ನೆಯ ಕೀರ್ತನೆ ಆ ನೋವಿನದು. ಸೆರೆ ಹಿಡಿದವರೇ ನಿಮ್ಮೂರ ಹಾಡು ಹೇಳಿ ಎಂದು ಕೇಳಿದಾಗ, ಆ ಜನ ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿ ನದಿಯ ದಂಡೆಯಲ್ಲಿ ಕುಳಿತು ಅತ್ತರು. ಅದರ ಕಡೆಯ ವಚನ, ಶತ್ರುಗಳ ಕೂಸುಗಳನ್ನು ಕುರಿತದ್ದು, ತಾಯಿಯಾದವಳು ಓದಲಾರದಷ್ಟು ಕ್ರೂರವಾಗಿದೆ. ನನಗೆ ಅದು ಇಂದಿಗೂ ಒಪ್ಪಿಗೆಯಾಗಿಲ್ಲ. ಆದರೆ ಮನಸ್ಸಿನ ವಿಷವನ್ನೂ ದೇವರ ಮುಂದೆ ಮುಚ್ಚಿಡದ ಜನ ಅವರು ಎಂಬುದು ತಿಳಿಯಿತು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮದೇ ಮಳಖೇಡ. ಸೇಡಂ ತಾಲ್ಲೂಕಿನ ಈ ಊರು ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 'ಕವಿರಾಜಮಾರ್ಗ' ಹುಟ್ಟಿದ್ದು ಇಲ್ಲಿನ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಎಂದು ಮಕ್ಕಳಿಗೆ ಪಾಠ ಮಾಡುತ್ತೇವೆ. ಊರು ಸುಟ್ಟುಹೋದ ಕಥೆ ಮಾತ್ರ ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಮೂರನೆಯ ಕೃಷ್ಣನ ಕಾಲದಲ್ಲಿ ಪುಷ್ಪದಂತನೆಂಬ ಕವಿ ಅಲೆದು ದಣಿದು ಮಾನ್ಯಖೇಟಕ್ಕೆ ಬಂದ. ಮಂತ್ರಿ ಭರತ ಅವನನ್ನು ಮನೆಯಲ್ಲಿಟ್ಟುಕೊಂಡು ಸಾಕಿದ. ಕವಿ ಅಪಭ್ರಂಶ ಭಾಷೆಯಲ್ಲಿ 'ಮಹಾಪುರಾಣ' ಬರೆದು 965ರಲ್ಲಿ ಮುಗಿಸಿದ. ಏಳೇ ವರ್ಷ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ದಂಡೆತ್ತಿ ಬಂದು ಮಾನ್ಯಖೇಟವನ್ನು ಲೂಟಿ ಮಾಡಿದ. ಮರುವರ್ಷವೇ ಚಾಲುಕ್ಯ ತೈಲಪ ರಾಷ್ಟ್ರಕೂಟರ ಆಳ್ವಿಕೆಗೆ ಕೊನೆ ಹಾಡಿದ. ಮಹಾಪುರಾಣದ ಕೆಲವು ಹಸ್ತಪ್ರತಿಗಳಲ್ಲಿ ಒಂದು ಸಂಸ್ಕೃತ ಶ್ಲೋಕ ಸೇರಿಕೊಂಡಿದೆ. ಬಡವರಿಗೂ ಅನಾಥರಿಗೂ ಆಸರೆಯಾಗಿದ್ದ, ಇಂದ್ರನ ಪಟ್ಟಣವನ್ನೂ ನಾಚಿಸುತ್ತಿದ್ದ ಈ ಊರು ಧಾರಾನಗರದ ಅರಸನ ಕೋಪದ ಬೆಂಕಿಗೆ ಸುಟ್ಟುಹೋಯಿತು, ಇನ್ನು ಈ ಪುಷ್ಪದಂತ ಎಲ್ಲಿ ವಾಸ ಮಾಡಬೇಕು ಎಂದು ಅದರಲ್ಲಿ ಕವಿ ಕೇಳುತ್ತಾನೆ. ಬಾಬಿಲೋನಿನ ನದಿಯ ದಂಡೆಯಲ್ಲಿ ಕುಳಿತು ಅತ್ತವರ ಮಾತಿಗೂ ಕಾಗಿಣಾ ದಂಡೆಯ ಈ ಮಾತಿಗೂ ಎಷ್ಟು ಹತ್ತಿರ ನೋಡಿ. ಅವರದು ಬೇರೆ ದೇವರು, ಬೇರೆ ಭಾಷೆ. ಮನೆ ಸುಟ್ಟವರ ಪ್ರಶ್ನೆ ಮಾತ್ರ ಒಂದೇ.

ಗೆದ್ದವರ ಊರಿನದೂ ಒಂದು ಸಂಗತಿ ಹೇಳಬೇಕು. ಅದೇ ಸಮಯದಲ್ಲಿ ಧಾರಾನಗರದಲ್ಲಿ ಧನಪಾಲನೆಂಬವನು ತನ್ನ ತಂಗಿ ಸುಂದರಿಗಾಗಿ ಒಂದು ಪ್ರಾಕೃತ ನಿಘಂಟು ಬರೆದ. ಮಾಳವದವರು ಮಾನ್ಯಖೇಟವನ್ನು ಲೂಟಿ ಮಾಡಿದ ವರ್ಷದಲ್ಲಿ ಇದನ್ನು ಬರೆದೆನೆಂದು ಅದರಲ್ಲೇ ಹೇಳಿದ್ದಾನೆ. ನಮ್ಮೂರಿನ ನಾಶದ ವರ್ಷ ಇತಿಹಾಸಕಾರರಿಗೆ ಇಷ್ಟು ಖಚಿತವಾಗಿ ಗೊತ್ತಾದದ್ದು ಅಣ್ಣನೊಬ್ಬ ತಂಗಿಗೆ ಕೊಟ್ಟ ಪುಸ್ತಕದಿಂದ.

ಹಾಗಾದರೆ ಭರವಸೆ ಎಲ್ಲಿದೆ? ಮಳಖೇಡಕ್ಕೆ ಹೋದರೆ ಕೋಟೆಯ ಮುರುಕು ಗೋಡೆ ಕಾಣುತ್ತದೆ. ಸಿಂಹಾಸನವಿದ್ದ ಜಾಗ ಇದೇ ಎಂದು ತೋರಿಸುವವರಿಲ್ಲ. ಆದರೆ ನೇಮಿನಾಥ ಬಸದಿಯಲ್ಲಿ ಪೂಜೆಯಿದೆ. ನದಿಯ ದಂಡೆಯಲ್ಲಿ ಉತ್ತರಾದಿ ಮಠವಿದೆ. 'ನ್ಯಾಯಸುಧಾ' ಬರೆದ ಟೀಕಾಚಾರ್ಯ ಜಯತೀರ್ಥರ ಬೃಂದಾವನ ಇಲ್ಲಿದೆಯೆಂದು ನಂಬಿ ಬರುವ ಭಕ್ತರಿದ್ದಾರೆ. ದರ್ಗಾದಲ್ಲಿ ಊದುಬತ್ತಿ ಹಚ್ಚುವವರಿದ್ದಾರೆ. ರಾಜರು ಹೋದರು, ಕೈ ಮುಗಿಯುವ ಜನ ಉಳಿದರು. ಯೆರೂಸಲೇಮಿನಲ್ಲೂ ಹಾಗೆಯೇ. ಅರಸುಮನೆತನ ಮತ್ತೆ ಚಿಗುರಲಿಲ್ಲ. ಹಾಡುಗಳು ಉಳಿದವು, ಬಾಬಿಲೋನಿನಿಂದ ಮರಳಿ ಬಂದವು. ಕೊನೆಗೆ ಬಳ್ಳಾರಿಗೂ ಬಂದವು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡಕ್ಕಿಳಿಯಿತು. ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1850ರ ಸುಮಾರಿಗೆ ನಮ್ಮ ದಾಸರ ಪದಗಳನ್ನು ಅಚ್ಚು ಮಾಡಿಸಿದ. ಎರಡು ಮನೆಯ ಕೀರ್ತನೆಗಳನ್ನೂ ಅಚ್ಚು ಹಾಕಿಸಿದ್ದು ಮಿಷನ್ನಿನವರೇ ಎಂಬುದನ್ನು ನಾವು ನೆನೆಯುವುದು ಕಡಿಮೆ.

ಸ್ತುತಿಯ ಹಾಡುಗಳ ರೀತಿಯೂ ನನಗೆ ಹಿಡಿಸಿತು. ಇವು ಸುಮ್ಮನೆ ದೇವರನ್ನು ಕೊಂಡಾಡಿರಿ ಎಂದು ಅಪ್ಪಣೆ ಮಾಡುವುದಿಲ್ಲ. ಕೊಂಡಾಡಿರಿ ಎಂದ ಕೂಡಲೇ 'ಯಾಕಂದರೆ' ಎನ್ನುತ್ತವೆ, ಕಾರಣ ಕೊಡುತ್ತವೆ. 117ನೆಯದರಲ್ಲಿ ಇರುವುದೇ ಎರಡು ವಚನ. ಮೊದಲನೆಯದು ಕರೆ, ಎರಡನೆಯದು ಕಾರಣ. 136ನೆಯದರಲ್ಲಿ 26 ವಚನಗಳು, ಪ್ರತಿಯೊಂದರ ಕೊನೆಗೂ ಒಂದೇ ಪಲ್ಲವಿ, ನಮ್ಮ ಭಜನೆಯ ಹಾಗೆಯೇ. ಸೂರ್ಯ, ಚಂದ್ರ, ಐಗುಪ್ತದ ದಾಸ್ಯದಿಂದ ಬಿಡುಗಡೆ ಎಂದು ಒಂದೊಂದೇ ಕಾರಣ ಎಣಿಸುತ್ತ ಬಂದು, ಮುಗಿಯುವ ಹೊತ್ತಿಗೆ ಜೀವಿಗಳಿಗೆಲ್ಲ ಆಹಾರ ಕೊಡುವವನು ಎಂಬಲ್ಲಿಗೆ ಮುಟ್ಟುತ್ತದೆ. ಆಕಾಶದಿಂದ ಅಡಿಗೆಮನೆಯವರೆಗೆ! 147ನೆಯದರಲ್ಲಿ ಮನಮುರಿದವರ ಗಾಯಕ್ಕೆ ಪಟ್ಟಿ ಕಟ್ಟುವ ಮಾತು, ಅದರ ಬೆನ್ನಿಗೇ ನಕ್ಷತ್ರಗಳನ್ನು ಎಣಿಸುವ ಮಾತು. ಅಷ್ಟು ದೊಡ್ಡ ಕೆಲಸವಿರುವವನಿಗೆ ಇಷ್ಟು ಸಣ್ಣ ಕೆಲಸಕ್ಕೂ ಪುರುಸೊತ್ತಿದೆ ಎಂಬುದೇ ಅಲ್ಲಿನ ಕಾರಣ.

ನನಗೆ ಹೆಚ್ಚು ಹತ್ತಿರವಾದದ್ದು 126ನೆಯದು. ಸೆರೆಯಿಂದ ಮರಳಿದವರ ಹಾಡು ಅದು. ಅಳುತ್ತ ಬೀಜ ಹೊತ್ತು ಹೋದವನು ನಗುತ್ತ ಸಿವುಡು ಹೊತ್ತು ಬರುವ ಚಿತ್ರ ಅದರಲ್ಲಿದೆ. ಬಿತ್ತುವಾಗ ಅಳುವುದೇಕೆ? ತೊಗರಿಯ ನಾಡಿನ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಬರಗಾಲದ ವರ್ಷ ಅವ್ವ ಬೀಜದ ತೊಗರಿಗೆ ಬೂದಿ ಕಲಸಿ ಗಡಿಗೆಯಲ್ಲಿಟ್ಟು ಬಾಯಿ ಕಟ್ಟುತ್ತಿದ್ದಳು. ಮನೆಯಲ್ಲಿ ಬೇಳೆ ತೀರಿದರೂ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಹಸಿದ ಮಕ್ಕಳ ಎದುರಿಗೇ ಆ ಕಾಳನ್ನು ಉಡಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಮಣ್ಣಿಗೆ ಹಾಕಬೇಕು. ಮಳೆ ಬರುತ್ತದೆಂದು ಬರೆದುಕೊಟ್ಟವರು ಯಾರು? ಭರವಸೆ ಎಂದರೆ ಮನಸ್ಸಿನ ಉಲ್ಲಾಸವೆಂದು ತಿಳಿದಿದ್ದೆ. ಈ ಹಾಡಿನಲ್ಲಿ ಅದು ಅಳುತ್ತಲೇ ಮಾಡುವ ಕೆಲಸ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಆ ಕೆಲಸ ಗೊತ್ತಿತ್ತು.

ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. 131ನೆಯ ಕೀರ್ತನೆಯಲ್ಲಿ ಮೂರೇ ವಚನ. ತನ್ನ ಮನಸ್ಸು ಮೊಲೆ ಬಿಡಿಸಿದ ಕೂಸಿನಂತೆ ತಾಯಿಯ ಬಳಿ ಸುಮ್ಮನಿದೆ ಎಂದು ಅದರಲ್ಲಿ ಭಕ್ತ ಹೇಳಿಕೊಳ್ಳುತ್ತಾನೆ. ಇದನ್ನು ಒಬ್ಬ ಹೆಂಗಸೇ ಕಟ್ಟಿರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ನಮಗಂತೂ ಹಾಗನ್ನಿಸದೆ ಇರದು. ಮೊಲೆ ಬಿಡಿಸುವ ದಿನಗಳ ರಂಪ ಹೆತ್ತವರಿಗೆಲ್ಲ ಗೊತ್ತು. ರಾತ್ರಿಯೆಲ್ಲ ಅಳು, ಒದೆತ, ಸಿಟ್ಟು. ಒಂದು ದಿನ ಕೂಸು ತಾನಾಗಿ ಬಂದು ಮಡಿಲಲ್ಲಿ ಕೂರುತ್ತದೆ. ಆಗ ಅದು ಹಾಲಿಗಾಗಿ ಬಂದದ್ದಲ್ಲ, ಅವ್ವನಿಗಾಗಿ ಬಂದದ್ದು. ಬೇಡಿದ್ದು ಸಿಗಲಿಲ್ಲವೆಂದು ದೂರ ಕುಳಿತ ನನ್ನಂಥವರಿಗೆ ಪೂಜೆಗೆ ಇದೂ ಒಂದು ಕಾರಣವಾಗಬಹುದು ಅನ್ನಿಸಿತು. ಅದಕ್ಕೆ ಮೊದಲು ರಂಪ ಮಾಡುವ ಹಕ್ಕು ಕೂಸಿಗೆ ಇದ್ದೇ ಇದೆ. ಅಳುವವಳ ಬಾಯಿ ಮುಚ್ಚಿಸಬೇಡಿ. ಅವಳು ಕೀರ್ತನೆಯ ಮೊದಲ ವಚನದಲ್ಲಿದ್ದಾಳೆ, ಅಷ್ಟೇ.